ಡ್ರಾವರಿನಲ್ಲಿ ಉಳಿದ ಬ್ಯಾಟರಿ

ಶಿವರಾತ್ರಿ ಹತ್ತಿರ ಬಂತೆಂದರೆ ಅಂಬಾದಾಸನ ಅಂಗಡಿಗೆ ಬರುವ ಫೋನುಗಳೆಲ್ಲ ಅಂಟಂಟು. ತಿಕೋಟಾ ಕಡೆ ದ್ರಾಕ್ಷಿ ಕಡಿದು ಶೆಡ್ಡಿನ ಬಲೆಗಳ ಮೇಲೆ ಒಣಗಲು ಹರವುವ ದಿನಗಳು ಅವು. ಕೈಯ ರಸ ತೊಳೆದುಕೊಳ್ಳುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ. ಅದೇ ಕೈಯಲ್ಲಿ ಫೋನು ಹಿಡಿಯುತ್ತಾರೆ, ಮೇಲೆ ಧೂಳು ಕೂರುತ್ತದೆ, ಚಾರ್ಜಿಂಗ್ ತೂತು ಮುಚ್ಚಿಹೋಗುತ್ತದೆ. ವಿಜಯಪುರದ ಸೊಲ್ಲಾಪುರ ರಸ್ತೆಯ ಆ ಚಿಕ್ಕ ಅಂಗಡಿಯಲ್ಲಿ ಅಂಬಾದಾಸ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬೆಳಿಗ್ಗೆಯಿಂದ ಒಂದೊಂದೇ ತೂತು ತಿಕ್ಕುತ್ತ ಕೂತಿದ್ದ. ಇದೇ ಅಂಗಡಿಯಲ್ಲಿ ಅವನ ಅಪ್ಪ ಮೂವತ್ತು ವರ್ಷ ಅಂಗಿ ಹೊಲಿದಿದ್ದ. ಅಪ್ಪನ ಹಾಗೆಯೇ ಮಗನಿಗೂ ಕತ್ತು ಬಗ್ಗಿಸಿ ಕೂರುವ ಅಭ್ಯಾಸ. ಮೂವತ್ನಾಲ್ಕಾದರೂ ತಲೆಯೆತ್ತಿ ಒಂದು ಹೆಣ್ಣು ನೋಡಲಿಲ್ಲ ಎಂದು ತಾಯಿ ಬೈಯುತ್ತಿದ್ದಳು.

ತಿಂಗಳಿಗೊಮ್ಮೆ ಅವನು ತಲೆಯೆತ್ತುತ್ತಿದ್ದುದು ತಾಯಿಗೆ ಗೊತ್ತಿರಲಿಲ್ಲ.

ಸುಧಾರಾಣಿ ಕನಮಡಿಯ ಆಶಾ ಕಾರ್ಯಕರ್ತೆ. ಊರಿನ, ಸುತ್ತಲ ತೋಟಗಳಲ್ಲೇ ಮನೆ ಕಟ್ಟಿಕೊಂಡ ವಸ್ತಿಗಳ ಬಸುರಿಯರೆಲ್ಲ ಅವಳ ರಜಿಸ್ಟರಿನಲ್ಲಿದ್ದರು. ಗಂಡ ತೀರಿ ಐದು ವರ್ಷ. ಅತ್ತೆ ರಾಚವ್ವನ ಜೊತೆ ಇದ್ದಳು. ತಿಂಗಳ ಮೀಟಿಂಗಿಗೆ ವಿಜಯಪುರಕ್ಕೆ ಬಂದಾಗ ಫೋನಿಗೆ ಏನಾದರೂ ಆಗಿಯೇ ಇರುತ್ತಿತ್ತು. ಒಮ್ಮೆ ಗಾಜು, ಒಮ್ಮೆ ಸ್ಪೀಕರು. ಮೊದಲ ಮೂರು ಸಲ ಅವಳು ಅವನನ್ನು ‘ಅಣ್ಣಾರ’ ಎಂದು ಕರೆದಿದ್ದಳು. ನಾಲ್ಕನೇ ಸಲ ಏನೂ ಕರೆಯಲಿಲ್ಲ. ‘ಇಲ್ಲೆ ನೋಡ್ರಿ’ ಎಂದಳು, ಅಷ್ಟೇ. ಆಡದೆ ಬಿಟ್ಟ ಆ ಒಂದು ಮಾತನ್ನು ಅಂಬಾದಾಸ ತಿಂಗಳೆಲ್ಲ ಕೇಳಿಸಿಕೊಂಡಿದ್ದ.

ಹೀಗೆ ವರ್ಷ ಕಳೆದಿತ್ತು. ಈ ಸಲವೂ ಆಶಾ ಸಮವಸ್ತ್ರದ ಗುಲಾಬಿ ಸೀರೆಯಲ್ಲಿ ಬಂದವಳು ಫೋನನ್ನು ಮಗುಚಿ ಗಾಜಿನ ಕೌಂಟರಿನ ಮೇಲಿಟ್ಟಳು.

“ಏನಾಗೇತ್ರಿ?”

“ಬೆನ್ನ ಉಬ್ಬೇತ್ರಿ ಇದರದು. ಎಂಟ ತಿಂಗಳ ಬಸರಿ ಹಂಗ.”

“ಮತ್ತ ರಜಿಸ್ಟರದಾಗ ಹೆಸರ ಹಚ್ಚೀರಿಲ್ಲೊ ಇದರದು?”

“ತಾರೀಖ ನೀವ ಹೇಳಬೇಕ್ರಿ. ಇದಕ್ಕ ಡಾಕ್ಟರ ನೀವು.”

“ಇವತ್ತ ಹೆರಿಗಿ ಮಾಡಿಸಿಬಿಡೂಣು. ಕುಂದರ್ರಿ.”

ಅವಳು ಸ್ಟೂಲಿನ ಮೇಲೆ ಕೂತು, ಅವನು ಹಿಂದಿನ ಮುಚ್ಚಳ ಬಿಸಿ ಮಾಡಿ ಬಿಡಿಸುವುದನ್ನು ನೋಡಲು ಮುಂದಕ್ಕೆ ಬಾಗಿದಳು. ಅವಳ ತೋರುಬೆರಳ ತುಂಬ ನೇರಳೆ ಮಸಿ.

“ಅದೇನ್ರಿ ಕೈಗೆ?”

“ಪೋಲಿಯೋ ಮಸೀರಿ. ಹುಡುಗೂರ ಬೆರಳಿಗೆ ಹಚ್ಚೂದು ಅರ್ಧಾ ನನಗ ಹತ್ತತೈತಿ.”

“ಅಂದ್ರ ನಿಮಗೂ ಎರಡ ಹನಿ ಬಿದ್ದಾವ ಅಂದಂಗಾತು.”

ಅವಳು ನಕ್ಕು ಬೆರಳು ಸೆರಗಿನಲ್ಲಿ ಮುಚ್ಚಿಕೊಂಡಳು. ಕಣ್ಣು ಮಾತ್ರ ಅವನ ಕೈಯ ಮೇಲೆಯೇ ಇತ್ತು. ಆಮೇಲೆ ಕೈಯಿಂದ ಮೇಲಕ್ಕೆ ಬಂತು, ಮುಖದ ಹತ್ತಿರ ಬಂದು ಅವಸರದಲ್ಲಿ ರಸ್ತೆಯ ಕಡೆ ಹೋಯಿತು.

ಅಂಬಾದಾಸ ಡ್ರಾವರು ಎಳೆದ. ಆ ಮಾಡೆಲ್ಲಿನ ಬ್ಯಾಟರಿ ಎರಡಿದ್ದವು. ಒಂದು ಹಿಂದಿನ ದಿನ ಬಂದದ್ದು, ಕವರು ಒಡೆದಿರಲಿಲ್ಲ. ಇನ್ನೊಂದು ಬಬಲೇಶ್ವರದ ಒಬ್ಬ ಮೇಷ್ಟ್ರ ಫೋನಿನಿಂದ ಕಿತ್ತದ್ದು. ನಲವತ್ತು ಪರ್ಸೆಂಟ್ ಚಾರ್ಜು ತೋರಿಸುತ್ತಿರುವಾಗಲೇ ಫೋನ್ ಬಂದ್ ಬೀಳುತ್ತದೆ ಎಂದು ಮೇಷ್ಟ್ರು ಬೇಸತ್ತು ಬಂದಾಗ ಅಂಬಾದಾಸನೇ ತಿಳಿಸಿ ಹೇಳಿದ್ದ: ‘ಮುದಿ ಹಮಾಲ ಇದ್ದಂಗ್ರಿ ಇದು. ಕೂತಾಗ ಗಟ್ಟಿ ಕಾಣತಾನ. ಚೀಲ ಹೊರಸಿದ್ರ ಕುಸೀತಾನ.’ ಎಸೆಯಬೇಕೆಂದು ಇಟ್ಟದ್ದು ಎಸೆಯದೆ ಉಳಿದಿತ್ತು.

ಅವನ ಕೈ ಹೊಸದರ ಮೇಲೆ ಒಂದು ಗಳಿಗೆ ನಿಂತಿತು. ಹೊಸದು ಹಾಕಿದರೆ ಎರಡು ವರ್ಷ ಏನೂ ಆಗುವುದಿಲ್ಲ. ಹಳೆಯದು ಹಾಕಿದರೆ ನಾಲ್ಕು ದಿನಕ್ಕೆ ಕೈ ಕೊಡುತ್ತದೆ. ಮುಂದಿನ ಮೀಟಿಂಗಿನ ತನಕ ಕಾಯುವುದು ಬೇಡ, ನಾಲ್ಕು ದಿನಕ್ಕೇ ಬರುತ್ತಾಳೆ. ಆಗ ಹೊಸದು ಹಾಕಿಕೊಟ್ಟರಾಯಿತು. ಇಷ್ಟೇ ಅವನು ಯೋಚಿಸಿದ್ದು. ಯೋಚಿಸುವಾಗ ಅವನಿಗೆ ಒಳಗೊಳಗೇ ಖುಷಿಯಾಗಿತ್ತು ಕೂಡ. ಹಳೆಯದನ್ನೇ ಕೂರಿಸಿ ಮುಚ್ಚಳ ಅಂಟಿಸಿದ.

“ಎಷ್ಟ ಆತ್ರಿ?” ಸುಧಾರಾಣಿ ಪರ್ಸು ತೆಗೆದಳು.

“ರೊಕ್ಕ ಬ್ಯಾಡ. ಮುಂದಿನ ಸಲ ಬಂದಾಗ ಒಂದ ಚಹಾ ಕುಡಸ್ರಿ.”

“ಮುಂದಿನ ಸಲ ಅಂದ್ರ? ಮತ್ತ ಕೆಡತೈತೇನು?”

ಕೆಡದಿದ್ದರೂ ಬರ್ರಿ ಎಂಬ ಮಾತು ನಾಲಿಗೆಯ ತನಕ ಬಂತು. “ಮಷೀನ ನೋಡ್ರಿ, ಹೇಳಾಕ ಬರಾಂಗಿಲ್ಲ,” ಅಂದ.

“ಹಂಗಾರ ಒಂದ ಚಹಾ ಬಾಕಿ ಅಂತ ಬರಕೋರಿ.” ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ನೋಡಿದಳು. “ನಾ ಯಾರ್ದೂ ಬಾಕಿ ಇಟಗೊಳ್ಳಾಕಿ ಅಲ್ಲ ಮತ್ತ.”

*

ಆರನೇ ದಿನ ಬಂದಳು. ರಸ್ತೆ ದಾಟುವಾಗಲೇ ಅಂಬಾದಾಸ ಗುರುತು ಹಿಡಿದು, ಕೂದಲು ಸರಿಮಾಡಿಕೊಂಡು, ಸ್ಟೂಲು ಒರೆಸಿದ. ಗುಲಾಬಿ ಸೀರೆ ಇರಲಿಲ್ಲ. ಹತ್ತಿರ ಬಂದಾಗ ಮುಖ ಕಂಡಿತು. ಅವನು ತುಟಿಯ ಮೇಲೆ ತಂದುಕೊಂಡಿದ್ದ ಚಹಾದ ಮಾತು ಅಲ್ಲೇ ನಿಂತಿತು.

“ಒಂದ ಕೇಳತೇನಿ, ಖರೇ ಹೇಳ್ರಿ,” ಅಂದಳು. “ನಲವತ್ತೊಂದ ಇದ್ದಾಗ ಫೋನ್ ಬಂದ್ ಆಗತೈತೇನು?”

ಉತ್ತರಕ್ಕೆ ಕಾಯದೆ ಅವಳೇ ಹೇಳತೊಡಗಿದಳು.

ಕನಮಡಿಯಿಂದ ಮೂರು ಮೈಲು ಆಚೆ ಭಾಗಪ್ಪನ ತೋಟದ ವಸ್ತಿ. ಅವನ ಸೊಸೆಗೆ ದಿನ ಇನ್ನೂ ಎರಡು ವಾರ ಇತ್ತು. ಸುಧಾರಾಣಿ ತಪಾಸಣೆಗೆಂದು ಹೋದ ಮಧ್ಯಾಹ್ನವೇ ಬೇನೆ ಶುರುವಾಯಿತು. ಮಗ ಒಣದ್ರಾಕ್ಷಿಯ ಲೋಡು ತೆಗೆದುಕೊಂಡು ತಾಸಗಾಂವದ ಪೇಟೆಗೆ ಹೋಗಿದ್ದ, ಮನೆಯ ಒಂದೇ ಫೋನು ಅವನ ಕಿಸೆಯಲ್ಲಿ. ವಸ್ತಿಯಲ್ಲಿ ರೇಂಜು ಸಿಗುವುದಿಲ್ಲ, ಕೃಷಿ ಹೊಂಡದ ದಂಡೆ ಹತ್ತಬೇಕು. ಸುಧಾರಾಣಿ ಹತ್ತಿದಳು. ಆಂಬುಲೆನ್ಸಿಗೆ ಫೋನು ಹತ್ತಿತು. ಆ ಕಡೆಯ ಹೆಣ್ಣುಮಗಳು ‘ಯಾವೂರ್ರಿ’ ಎಂದು ಕೇಳಿದಳು. ಇವಳು ‘ಕನಮಡಿ’ ಅನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.

“ಎಷ್ಟ ಒತ್ತಿದೆ ಅಂತೀರಿ ಆ ಗುಂಡಿ. ಕಂಪನಿ ಹೆಸರ ಬರೂದು, ಹೋಗೂದು. ಹೆಸರ ಬರೂದು, ಹೋಗೂದು. ಕಡೀಕ ರಸ್ತೇಕ ಓಡಿದೆ. ಒಂದ ಟ್ರ್ಯಾಕ್ಟರ ಸಿಗಬೇಕಾದ್ರ ಮುಕ್ಕಾಲ ತಾಸ ಆತು.”

ತಾಯಿ ಉಳಿದಳು. ಹೆಣ್ಣುಕೂಸು, ಅಳಲೇ ಇಲ್ಲ.

ಸಂಜೆ ಆಸ್ಪತ್ರೆಯ ಗೋಡೆಗೆ ಫೋನು ಚಾರ್ಜಿಗೆ ಹಚ್ಚಿದಾಗ ಎಲ್ಲರೆದುರಿಗೇ ಅದು ಎದ್ದು ಕೂತು, ಮೂವತ್ತೊಂಬತ್ತು ಎಂದು ತೋರಿಸಿತು. ತಾಸಗಾಂವದಿಂದ ಭಾಗಪ್ಪನ ಮಗ ಇದೇ ನಂಬರಿಗೆ ಆರು ಸಲ ಫೋನು ಮಾಡಿದ್ದನಂತೆ, ಆರೂ ಸಲ ಸ್ವಿಚ್ ಆಫ್. ಅರ್ಧ ಚಾರ್ಜು ಇಟ್ಟುಕೊಂಡು ಬೇಕೆಂದೇ ಬಂದ್ ಮಾಡಿದ್ದಾಳೆ, ಹೆದರಿ ರಸ್ತೆಗೆ ಓಡಿದ್ದಾಳೆ ಎಂದು ಭಾಗಪ್ಪ ಅರ್ಜಿ ಕೊಟ್ಟಿದ್ದ.

“ಸೋಮವಾರ ತಿಕೋಟಾ ಆರೋಗ್ಯ ಕೇಂದ್ರದಾಗ ವಿಚಾರಣಿ. ಕೆಲಸ ಹೋಗತೈತಿ, ಅದು ಹೋಗ್ಲಿ. ಊರ ಹೆಣ್ಣಮಕ್ಕಳ ಮಾರಿ ಹೆಂಗ ನೋಡ್ಲಿ? ನಿನ್ನಿ ಒಬ್ಬಾಕಿ ನನ್ನ ಕಂಡು ಬಾಗಲಾ ಹಾಕ್ಕೊಂಡ್ಲು. ಆಕಿಗೆ ಒಂಬತ್ತ ತುಂಬ್ಯಾವ.” ಸುಧಾರಾಣಿ ಫೋನು ಅವನ ಕಡೆ ಸರಿಸಿದಳು. “ಹಿಂಗೂ ಆಗತೈತಿ ಅಂತ ಒಂದ ಕಾಗದ ಬರದ ಕೊಡ್ರಿ. ನೀವು ಬರದ್ರ ನಂಬತಾರ.”

ಅಂಬಾದಾಸನ ಮೊಣಕಾಲು ಡ್ರಾವರಿಗೆ ತಾಗುತ್ತಿತ್ತು.

“ಕಾಗದ ಸಾಲಾಂಗಿಲ್ಲ,” ಅಂದ. “ನಾನ ಬರತೇನಿ. ಬ್ಯಾಟರಿ ಹಂಗ ಇರ್ಲಿ, ಬದಲ ಮಾಡೂದ ಬ್ಯಾಡ. ಅವರ ಮುಂದ ತೋರಸೂಣು.”

ಅವಳು ಮುಖವೆತ್ತಿದಳು. ಈ ಸಲ ಕಣ್ಣು ರಸ್ತೆಯ ಕಡೆ ಹೋಗಲಿಲ್ಲ. ತುಂಬಿ ಬಂದು ಅವನ ಮೇಲೆಯೇ ನಿಂತಿತು. ಇಂಥದೊಂದು ನೋಟಕ್ಕೆ ಅಂಬಾದಾಸ ಒಂದು ವರ್ಷ ಕಾದಿದ್ದ. ಈಗ ಅದು ಬಂದಾಗ ಅವನು ತಲೆ ತಗ್ಗಿಸಿ, ಬ್ರಷ್ಷು ಹುಡುಕುವವನಂತೆ ಬೆಂಚಿನ ಕೆಳಗೆ ಬಾಗಿದ.

*

ಸೋಮವಾರ ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದಿನ ದಿನ. ಹೊರಗೆ ಕೂಸುಗಳು ಅಳುತ್ತಿದ್ದವು. ಒಳಗೆ ಡಾಕ್ಟರ್ ಮೃಣಾಲ ಎಂಬ ಎಳೆಯ ವಯಸ್ಸಿನ ವೈದ್ಯೆ, ಎದುರಿಗೆ ರುಮಾಲು ತೊಡೆಯ ಮೇಲಿಟ್ಟುಕೊಂಡ ಭಾಗಪ್ಪ. ಸುಧಾರಾಣಿ ಗೋಡೆಗೆ ಒರಗಿ ನಿಂತಿದ್ದಳು. ಕೂರು ಎಂದರೂ ಕೂತಿರಲಿಲ್ಲ.

ಅಂಬಾದಾಸ ಫೋನನ್ನು ಮೇಜಿನ ಮೇಲಿಟ್ಟ. ನಲವತ್ತಮೂರು ತೋರಿಸುತ್ತಿತ್ತು. ಭಾಗಪ್ಪನಿಗೂ ಕಾಣುವಂತೆ ತಿರುಗಿಸಿದ. ಬ್ಯಾಟರಿಯ ಮೇಲೆ ಭಾರ ಬೀಳಲೆಂದು ಕ್ಯಾಮೆರಾ ಚಾಲೂ ಮಾಡಿ ಡಾಕ್ಟರ ನಂಬರಿಗೆ ಫೋನು ಹಚ್ಚಿದ. ಡಾಕ್ಟರ ಫೋನು ಒಮ್ಮೆ ಬಾರಿಸಿತು. ಎರಡನೇ ಸಲ ಬಾರಿಸುವ ಮೊದಲೇ ಮೇಜಿನ ಮೇಲಿನ ಪರದೆ ಕಪ್ಪಾಯಿತು. ಗುಂಡಿ ಒತ್ತಿದ. ಹೆಸರು ಬಂತು, ಹೋಯಿತು. ಡಾಕ್ಟರು ತಾವೇ ಒತ್ತಿದರು. ಬಂತು, ಹೋಯಿತು. ಚಾರ್ಜರು ಸಿಕ್ಕಿಸಿದಾಗ ಏನೂ ಆಗಿಲ್ಲವೆಂಬಂತೆ ನಲವತ್ತೆರಡು ಎಂದು ತೋರಿಸಿತು.

ಭಾಗಪ್ಪ ಬಾಗಿ ಆ ಅಂಕಿಯನ್ನು ನೋಡಿದ.

“ಹಂಗಾರ ಈಕಿ ಬಂದ್ ಮಾಡಿಲ್ಲ.”

“ಇಲ್ಲ್ರಿ.”

“ಮತ್ತ ಇಂಥಾದ್ದ ಇದರಾಗ ಹಾಕಿದಾಂವ ಯಾರು?”

ಮಾಲು ಕೊಟ್ಟವರು ಮೋಸ ಮಾಡಿದರು ಎಂದರೆ ಮುಗಿಯುತ್ತಿತ್ತು. ಸುಧಾರಾಣಿಯ ಹೆಸರಿಗೆ ಅಂಟಿದ ಕಳಂಕ ಆಗಲೇ ತೊಳೆದುಹೋಗಿತ್ತು. ಬಸ್ಸಿನಲ್ಲಿ ಬರುವಾಗ ಆ ಮಾತನ್ನು ಅವನು ಹತ್ತು ಸಲ ಹೊಂದಿಸಿಕೊಂಡೂ ಇದ್ದ. ಹೊರಗೆ ಒಂದು ಕೂಸು ಸೂಜಿಗೆ ಚೀರಿತು.

“ನಾನರಿ.”

“ಗೊತ್ತಿದ್ದು ಹಾಕಿದ್ರೇನು?” ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

“ಗೊತ್ತಿತ್ತರಿ. ಹೊಸಾದು ಡ್ರಾವರದಾಗ ಇತ್ತು. ಅದನ್ನ ಬಿಟ್ಟು ಇದನ್ನ ಹಾಕಿದೆ.”

“ಯಾಕ?”

ಗೋಡೆಯ ಕಡೆ ನೋಡದೆಯೇ ಅವಳು ತನ್ನನ್ನು ನೋಡುತ್ತಿದ್ದಾಳೆಂದು ಅಂಬಾದಾಸನಿಗೆ ತಿಳಿಯಿತು. ವರ್ಷದಿಂದ ಹೇಳಬೇಕೆಂದಿದ್ದ ಮಾತನ್ನು ಅವನು ಮೇಜಿನ ಮೂಲೆಗೆ ಹೇಳಿದ.

“ಇವರು ಲಗೂನ ತಿರುಗಿ ಬರ್ಲಿ ಅಂತ. ಇವರನ್ನ ನೋಡಬೇಕಂತ. ಬ್ಯಾರೇ ಏನಿಲ್ಲರಿ.”

ಭಾಗಪ್ಪ ಎದ್ದ. ಹೊಡೆಯುತ್ತಾನೆಂದು ಡಾಕ್ಟರೂ ಎದ್ದರು. ಅವನು ಹೊಡೆಯಲಿಲ್ಲ. ಹತ್ತಿರ ಬಂದು ಅಂಬಾದಾಸನ ಮುಖ ನೋಡಿದ, ಯಾರ ಪೈಕಿ ಹುಡುಗ ಎಂದು ಗುರುತಿಸುವವನ ಹಾಗೆ.

“ಹೆಸರರ ಇಟ್ಟಿದ್ರ ಹೆಸರ ಹಿಡದ ಅಳತಿದ್ವಿ,” ಅಂದ. “ಅದೂ ಇಲ್ಲೋ ತಮ್ಮಾ ಅದಕ್ಕ.” ಆಮೇಲೆ ಸುಧಾರಾಣಿಯ ಕಡೆ ತಿರುಗಿ ರುಮಾಲು ಹಿಡಿದ ಕೈ ಜೋಡಿಸಿದ. “ನಿನ್ನ ತಪ್ಪ ತಿಳಕೊಂಡ್ವಿ ಬೇ.” ಅವಳು ಬಾಗಿ ಆ ಕೈ ಬಿಡಿಸಿದಳು.

ಡಾಕ್ಟರು ಎಲ್ಲವನ್ನೂ ಬರೆದುಕೊಡಲು ಹೇಳಿದರು. ಅಂಬಾದಾಸ ಬರೆದ, ಡ್ರಾವರಿನ ಮಾತನ್ನೂ ಬರೆದು ಸಹಿ ಮಾಡಿದ. ಠಾಣೆಗೆ ಹೋಗುವುದು ಬಿಡುವುದು ಭಾಗಪ್ಪನಿಗೆ ಬಿಟ್ಟದ್ದು ಎಂದು ಡಾಕ್ಟರು ಹೇಳಿದಾಗ ಭಾಗಪ್ಪ ರುಮಾಲನ್ನು ತಲೆಗೆ ಸುತ್ತಿಕೊಳ್ಳತೊಡಗಿದ. ಅಂಬಾದಾಸ ಚೀಲದಿಂದ ಹೊಸ ಬ್ಯಾಟರಿ ತೆಗೆದು, ಕವರು ಒಡೆದು, ಅದೇ ಮೇಜಿನ ಮೇಲೆ ಫೋನಿಗೆ ಕೂರಿಸಿದ. ಸುಧಾರಾಣಿ ಫೋನು ತೆಗೆದುಕೊಂಡಳು. ಒಂಬತ್ತು ತುಂಬಿದವಳು ಊರಲ್ಲಿದ್ದಳು, ಬೇಡ ಎನ್ನುವ ಹಾಗಿರಲಿಲ್ಲ.

*

ತಿಕೋಟಾ ಸ್ಟ್ಯಾಂಡಿನಲ್ಲಿ ವಿಜಯಪುರದ ಬಸ್ಸು ಬಿಸಿಲಿಗೆ ನಿಂತಿತ್ತು. ಅಂಬಾದಾಸ ಕಿಟಕಿಯ ಪಕ್ಕ ಕೂತಿದ್ದ. ಕನಮಡಿಯ ಬಸ್ಸು ಎದುರಿಗಿದ್ದರೂ ಸುಧಾರಾಣಿ ಅದನ್ನು ಹತ್ತದೆ ಚಹಾದ ಗಾಡಿಯ ಹತ್ತಿರ ಹೋದದ್ದನ್ನು ಅವನು ನೋಡಿದ. ಒಂದು ಗ್ಲಾಸು ಹಿಡಿದು ಕಿಟಕಿಯ ಕೆಳಗೆ ಬಂದು ನಿಂತಳು. ಒಂದೇ ಗ್ಲಾಸು.

“ತಗೋರಿ.”

ಅವನು ತೆಗೆದುಕೊಂಡ. ಸುಡುತ್ತಿತ್ತು.

“ಕೇಳಿದ್ರ ಬರತಿದ್ದೆ,” ಅಂದಳು. ಅವಳು ಅಳುತ್ತಿರಲಿಲ್ಲ. “ಫೋನ್ ಕೆಡದಿದ್ರೂ ಬರತಿದ್ದೆ. ನೀ ಉಡಿಕಿ ಮಾಡಿಕೊಂಡ ಇನ್ನೊಂದ ಗಂಡನ ಮನಿಗೆ ಹೋದ್ರ ನಾ ಒಲ್ಲೆ ಅನ್ನಾಂಗಿಲ್ಲ ಅಂತ ಅತ್ತಿ ಸಂಕ್ರಾಂತಿಗೇ ಅಂದಿದ್ಲು. ಯಾರರ ಅದಾರೇನ ಅಂತ ಕೇಳಿದ್ಲು. ಅದಾರ ಅಂದಿದ್ದೆ.”

ಅಂಬಾದಾಸ ಕಿಟಕಿಯಿಂದ ಮುಂದಕ್ಕೆ ಬಾಗಿದ. “ಸುಧಾ...”

“ಕುಡೀರಿ. ಆರತೈತಿ.”

ಅವನು ಕುಡಿದ. ನಾಲಿಗೆ ಸುಟ್ಟರೂ ನಿಲ್ಲಿಸದೆ ಕುಡಿದ. ಕುಡಿಯುವ ತನಕ ಅವಳು ಅಲ್ಲೇ ನಿಲ್ಲುತ್ತಾಳೆಂದು ಆಮೇಲೆ ಹೊಳೆದು, ಕೊನೆಯ ಗುಟುಕನ್ನು ಬಾಯಲ್ಲಿ ಇಟ್ಟುಕೊಂಡ. ಅದೂ ಇಳಿಯಿತು.

“ನಿಮ್ಮದ ನನ್ನ ಮ್ಯಾಲಿನ ಬಾಕಿ ಮುಗೀತು,” ಅಂದಳು.

“ನನ್ನದು?”

“ನಿಮ್ಮದ ನನಗ ಕೊಡೂದಲ್ಲ.” ತೋಟದ ವಸ್ತಿಗಳಿರುವ ಕಡೆ ಒಮ್ಮೆ ನೋಡಿದಳು. “ಅದನ್ನ ಈಸಿಕೊಳ್ಳೂವಷ್ಟು ದಿನಾ ಆ ಕೂಸ ಇರಲಿಲ್ಲ.”

ಅವಳ ಕೈಯಲ್ಲಿದ್ದ ಫೋನು ಬಾರಿಸಿತು. ಕಿವಿಗೆ ಹಿಡಿದಳು. “ಹೂಂನವ್ವಾ... ಯಾವಾಗಿಂದ ಸುರು ಆತು?... ಹೆದರಬ್ಯಾಡ. ಬಾಗಲಾ ತೆರಕೊಂಡ ಕುಂದ್ರು. ನಾ ಬಂದೆ.” ಇನ್ನೊಂದು ಕೈಯನ್ನು ಕಿಟಕಿಯೊಳಗೆ ಚಾಚಿ ಖಾಲಿ ಗ್ಲಾಸು ತೆಗೆದುಕೊಂಡಳು. ಬೆರಳಿನ ನೇರಳೆ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ.

“ಬರತೇನ್ರಿ,” ಅಂದಳು, ಫೋನಿನಿಂದ ಬಾಯಿ ಸರಿಸಿ. “ಹೋಗಿ ಬರ್ರಿ, ಅಣ್ಣಾರ.”

ಗ್ಲಾಸನ್ನು ಗಾಡಿಯವನಿಗೆ ಕೊಟ್ಟು, ಫೋನು ಕಿವಿಗೆ ಹಿಡಿದೇ ಕನಮಡಿಯ ಬಸ್ಸಿನ ಕಡೆ ನಡೆದಳು. ಬಸ್ಸು ಹತ್ತಿದಳು, ಸೀಟು ಹಿಡಿದಳು. ಮಾತು ನಡುವೆ ಎಲ್ಲಿಯೂ ಕಡಿಯಲಿಲ್ಲ.