ಪಕ್ಕದ ಸೀಟಿನ ಬೆಲ್ಟು

ಬಾನೆಟ್ ಮೂಸಿ ನೋಡಿದರೆ ಸಾಕು, ಆ ಕಾರು ಹುಟ್ಟಿದಾಗಿನಿಂದ ಎಷ್ಟು ಸಲ ಸೀನಿದೆ ಎಂದು ಹೇಳಬಲ್ಲವನು ನಾನು. ಒಂದು ಮಧ್ಯಾಹ್ನ ಒಬ್ಬಾಕೆ, ತೀರಿಕೊಂಡ ಗಂಡನ ನಾಲ್ಕೇ ತಿಂಗಳು ಹಳೆಯ ಸ್ಪೋರ್ಟ್ಸ್ ಕಾರಿಗೆ ಬೆಲೆ ಕಟ್ಟಿಸಲು ನನ್ನ ಬಳಿ ಬಂದರು. ಬಿಸಿಲಲ್ಲಿ ಕಾದಿದ್ದ ಕಾರಿನೊಳಗೆ ಪಕ್ಕದ ಸೀಟು ಮಾತ್ರ ತಣ್ಣಗಿತ್ತು.

ಓಡಿಸಿ ನೋಡ್ತೀನಿ ಎಂದು ಕಾರು ಹತ್ತಿ ಹೋದವನು ಸ್ವಲ್ಪ ಹೊತ್ತಿಗೆ ಬಂದು ಹೇಳಿದೆ: "ಇಪ್ಪತ್ತು ಕಿಲೋಮೀಟರ್ ಗಾಳಿ ಥರ ಓಡಿಸಿದೆ ತಾಯಿ. ಸೆನ್ಸರ್ ಕೆಟ್ಟಿದೆ, ಖಾಲಿ ಸೀಟಿಗೂ ಬೆಲ್ಟ್ ಹಾಕು ಅಂತ ಬಡ್ಕೊಳ್ಳುತ್ತೆ. ಬೆಲೆ ಕಾಲು ಭಾಗ ಇಳಿಯುತ್ತೆ."

ಆಕೆ ಬಗ್ಗಿ ಮೀಟರ್ ನೋಡಿದರು. "ಏನಣ್ಣಾ, ಒಂದು ಕಿಲೋಮೀಟರೂ ಏರಿಲ್ವಲ್ಲ!"

ಸಿಕ್ಕಿಬಿದ್ದೆ.

"ನಿಜ ಹೇಳ್ತೀನಮ್ಮ, ಗೇಟೂ ದಾಟಲಿಲ್ಲ. ಸೆನ್ಸರ್ ಮೂರು ಸಲ ನೋಡಿದೆ, ಸರಿಯಾಗಿದೆ. ಪೂರ್ತಿ ಬೆಲೆನೇ ಬರೀತೀನಿ. ಆದ್ರೆ ಆ ಸದ್ದು ಇದ್ದಕ್ಕಿದ್ದಂತೆ ನಿಂತೋಯ್ತು. ತಿರುಗಿ ನೋಡಿದ್ರೆ ಪಕ್ಕದ ಖಾಲಿ ಸೀಟಿನ ಬೆಲ್ಟ್ ಹಾಕಿತ್ತು. ಹಾಕಿದ್ದು ನಾನಲ್ಲ."