ಅಮ್ಮನ ಶುಂಠಿ ಹೆಪ್ಪು

ಢಬ್!

ಮರುಗಳಿಗೆಯೇ ಯಾರೋ ಬಾಗಿಲು ಮುರಿದು ಹೋಗುವಂತೆ ಬಡಿದರು. ತೆರೆದರೆ, ಕೆಳಮನೆಯ ಗಡಿಯಾರ ರಿಪೇರಿಯವನು. ಒಂದು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯ ಸಮೇತ ಓಡಿ ಬಂದಿದ್ದ!

"ಏನದು ಸದ್ದು? ಪೆಟ್ಟಾಯ್ತಾ ನಿಮಗೆ?"

ಅವಳ ಕೂದಲಿಂದ ಶುಂಠಿ ನೀರು ತೊಟ್ಟಿಕ್ಕುತ್ತಿತ್ತು. "ಬಾಟಲಿ ಸಿಡೀತು... ಬೆಳಿಗ್ಗೆ ಮುಚ್ಚಳ ಸಡಿಲಿಸಿ ಗಾಳಿ ಬಿಡೋದು ಮರೆತಿದ್ದೆ."

ಅವನು ಮಂಡಿಯೂರಿ, ಜೇಬಿನ ಚಿಮಟದಿಂದ ಗಾಜಿನ ಚೂರುಗಳನ್ನು ಹೆಕ್ಕತೊಡಗಿದ. ಅವಳಿಗೆ ನಗು ಬಂತು. ಆ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ!

ಬಟ್ಟೆ ಹೊಲಿದು ಬದುಕುವವಳು ಅವಳು. ಅಡುಗೆಕಟ್ಟೆಯ ತುಂಬ ಉಪ್ಪುನೀರಿನಲ್ಲಿ ಹುಳಿ ಬರುತ್ತಿದ್ದ ಕೋಸು, ಮೂಲಂಗಿ. ಕಿಟಕಿಯ ಬಳಿ ಪುಟ್ಟ ಭರಣಿಯಲ್ಲಿ ಅಮ್ಮನ ಶುಂಠಿ ಹೆಪ್ಪು. ದಿನಕ್ಕೊಂದು ಚಮಚ ಸಕ್ಕರೆ, ಚೂರು ತುರಿದ ಶುಂಠಿ ಹಾಕಿದರೆ ಗುಳುಗುಳು ನೊರೆಯಾಡುತ್ತಿತ್ತು. ಅದರಿಂದಲೇ ಅವಳು ಬಾಟಲಿಗಟ್ಟಲೆ ಶುಂಠಿ ಪಾನೀಯ ಮಾಡುತ್ತಿದ್ದಳು.

ಅಮ್ಮ ಹೋಗಿ ನಾಲ್ಕು ವರ್ಷ. ಅವಳನ್ನು ಬಿಟ್ಟರೆ ಆ ಮನೆಯಲ್ಲಿ ಜೀವ ಇದ್ದದ್ದು ಆ ಹೆಪ್ಪಿಗೆ ಮಾತ್ರ. ಅದರ ಜೊತೆ ಮಾತಾಡುತ್ತಿದ್ದಳು ಕೂಡ. ನಗಬೇಡಿ... ದಿನಾ ಒಂದೇ ತಟ್ಟೆ ತೊಳೆಯುವವರಿಗೆ ಇದು ಅರ್ಥವಾಗುತ್ತದೆ.

ಹೊರಟವನ ಕೈಗೆ ಒಂದು ಬಾಟಲಿ ಶುಂಠಿ ಪಾನೀಯ ಕೊಟ್ಟಳು. ಬಾಟಲಿಯ ಕತ್ತಿಗೆ ಕೆಂಪು ರಿಬ್ಬನ್ ಕಟ್ಟಿ!

ಅಂದಿನಿಂದ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವನು ಹಾಜರು. "ಮುಚ್ಚಳ ಸಡಿಲಿಸಿದ್ರಾ?"

ಏಳೂವರೆಗೇ ಅವಳ ಕಿವಿ ಮೆಟ್ಟಿಲ ಮೇಲೆ. ಆದರೆ ಅವಳು ಕೊಟ್ಟ ಬಾಟಲಿಯ ಬಗ್ಗೆ ಮಾತ್ರ ಅವನದು ಜಪ್ಪಯ್ಯ ಅಂದರೂ ಮಾತಿಲ್ಲ.

'ರುಚಿ ಹಿಡಿಸಲಿಲ್ಲವೇನೋ... ಚೆಲ್ಲಿಬಿಟ್ಟನೇ?'

ಅಷ್ಟರಲ್ಲಿ ಅಕ್ಕನ ಹೆರಿಗೆ ಬಂತು. ಬೀಗದ ಕೈ ಅವನಿಗೆ ಕೊಟ್ಟು, ಹೆಪ್ಪಿಗೆ ದಿನಾ ಸಕ್ಕರೆ ಹಾಕಲು ಹೇಳಿ ಹೋದಳು.

ಹತ್ತು ದಿನ ಬಿಟ್ಟು ಬಂದರೆ... ಭರಣಿ ತೊಳೆದು ಬೋರಲು ಹಾಕಿತ್ತು. ಅವನನ್ನು ಕೂಗಿ ಕರೆದಳು.

"ಮೇಲೆ ಬಿಳೀ ಪೊರೆ ಕಟ್ಟಿತ್ತು," ಅವನು ತೊದಲಿದ. "ಕೆಟ್ಟಿದೆ ಅಂದ್ಕೊಂಡೆ. ಅದನ್ನ ಕುಡಿದು ನಿಮಗೇನಾದ್ರೂ ಆದ್ರೆ ಅಂತ..."

"ಆ ಪೊರೆ ತೆಗೆದು ಹಾಕಿದ್ರೆ ಸಾಕಿತ್ತು! ಅದು ನಮ್ಮಮ್ಮ ಇಟ್ಟ ಹೆಪ್ಪು! ನಾನು ಕೊಟ್ಟಿದ್ದನ್ನೆಲ್ಲ ಚೆಲ್ಲೋದೇ ನಿಮ್ಮ ಕೆಲಸಾನಾ? ಬೀಗದ ಕೈ ಇಟ್ಟು ಹೋಗಿ!"

ಅವನು ಮುಖ ಸಣ್ಣದು ಮಾಡಿಕೊಂಡು ಹೋದ.

ಮರುದಿನ ಎಂಟಾಯಿತು. ಯಾರೂ ಬರಲಿಲ್ಲ. ಅದರ ಮರುದಿನವೂ... ಮಾತಾಡಲು ಹೆಪ್ಪೂ ಇಲ್ಲ, ಅವನೂ ಇಲ್ಲ. ಹೊಲಿಗೆ ಯಂತ್ರ ನಿಲ್ಲಿಸಿದರೆ ಮನೆ ಬಿಕೋ ಎನ್ನುತ್ತಿತ್ತು.

'ಪೊರೆಯ ವಿಷಯ ಹೇಳದೆ ಹೋದವಳು ನಾನೇ ಅಲ್ಲವೇ? ಅವನು ಹೆದರಿದ್ದು ನನಗೋಸ್ಕರ...'

ಒಂಬತ್ತನೇ ದಿನ, ಎಂಟು ಗಂಟೆಗೆ ಕಿಟಕಿಯ ಕೆಳಗಿಂದ ಒಂದು ಸದ್ದು.

ಟುಸ್ಸ್...

ಮುಚ್ಚಳ ಸಡಿಲಿಸುವ ಸದ್ದು! ಅದು ಅವಳಿಗೆ ಗೊತ್ತಿಲ್ಲವೇ? ಚಪ್ಪಲಿಯನ್ನೂ ಮೆಟ್ಟದೆ ಇಳಿದು ಓಡಿದಳು.

ಬಿಚ್ಚಿಟ್ಟ ಗಡಿಯಾರಗಳ ನಡುವೆ ಅದೇ ಬಾಟಲಿ. ಅದರ ಕತ್ತಿನಲ್ಲಿ ಅದೇ ಕೆಂಪು ರಿಬ್ಬನ್. ಅವನ ಕೈಯಲ್ಲಿ ಸಕ್ಕರೆ ಚಮಚ.

"ಕುಡೀಲೇ ಇಲ್ವಾ ನೀವು?"

"ಖಾಲಿಯಾದ್ರೆ ಬಾಟಲಿ ವಾಪಸ್ ಕೊಡಬೇಕಿತ್ತಲ್ಲ... ನನಗೇ ಅಂತ ಯಾರಾದ್ರೂ ಕೊಟ್ಟಿದ್ದು ಅದೊಂದೇ. ದಿನಾ ಬೆಳಿಗ್ಗೆ ಗಾಳಿ ಬಿಟ್ಟು ಇಟ್ಕೊಂಡಿದ್ದೆ." ಅವನು ತಲೆ ತಗ್ಗಿಸಿದ. "ತಳದಲ್ಲಿ ಗಸಿ ಕೂತಿತ್ತು. ನಿಮ್ಮಮ್ಮಂದೇ ಹೆಪ್ಪು ತಾನೇ ಅಂತ ಅವತ್ತಿಂದ ಅದಕ್ಕೆ ಶುಂಠಿ, ಸಕ್ಕರೆ ಹಾಕ್ತಾ ಬಂದೆ. ಜೋರಾಗಿ ನೊರೆ ಬಂದಿದ್ದು ಇವತ್ತೇ. ನೊರೆ ಬರೋ ತನಕ ನಿಮಗೆ ಮುಖ ತೋರಿಸೋ ಧೈರ್ಯ ಇರಲಿಲ್ಲ."

ಅವಳು ಬಾಟಲಿಗೆ ಕಿವಿಯಿಟ್ಟಳು. ಗುಳುಗುಳು... ಅಮ್ಮನ ಅಡುಗೆಮನೆಯ ಅದೇ ದನಿ! ಕಣ್ಣು ತುಂಬಿ ಬಂತು.

"ನನ್ನ ಮೇಲೆ ಇನ್ನೂ ಕೋಪಾನಾ?" ಅವನು ಮೆಲ್ಲಗೆ ಕೇಳಿದ. "ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಈ ಎಂಟು ದಿನ ಎಂಟು ಗಂಟೆ ಹೊಡೆದಾಗೆಲ್ಲ..."

"ಗೊತ್ತು. ನಾನೂ ಮೆಟ್ಟಿಲ ಹತ್ರಾನೇ ನಿಂತಿರ್ತಿದ್ದೆ. ನಾಳೆ ಎಂಟಕ್ಕೆ ಬರ್ತೀರಾ?"

"ಮುಚ್ಚಳ ಸಡಿಲಿಸೋಕಾ?"

"ಅಲ್ಲ, ತಿಂಡಿಗೆ. ಎರಡು ತಟ್ಟೆ ಇಡ್ತೀನಿ."

"ತೊಳೆಯೋದು ನಾನು," ಎಂದ ಅವನು. "ದಿನಾ."