ಗೋಣಿಮುಖದವನ ತಾಯಿ

"ಅವನಿಗೆ ಅಮ್ಮನ್ನ ಮಾತ್ರ ಕೊಡಬೇಡ ಮಗಾ," ಎಂದಳು ಹೆಸ್ಟರ್ ಮುದುಕಿ, ಸೂಜಿಯಿಂದ ಕಣ್ಣೆತ್ತದೆ.

ಕಾರ್ವಿನ್ ಹ್ಯಾಡಿಕ್ಸ್ ನಕ್ಕ. ಏಳು ಸಿನಿಮಾಗಳಲ್ಲಿ ಕಂಡಕಂಡವರನ್ನು ಕೊಚ್ಚಿಹಾಕಿದ್ದ ಗೋಣಿಮುಖದವನಿಗೆ ಒಂದು ಬಾಲ್ಯ ಬರೆದುಕೊಡಲೆಂದೇ ಹಾಲಿವುಡ್ ಪಕ್ಕದ ಬರ್ಬ್ಯಾಂಕಿನ ಸ್ಟುಡಿಯೋ ಚಿತ್ರಕತೆಗಾರನಾದ ಅವನನ್ನು ಕರೆಸಿತ್ತು. ಕೊಲೆಗಾರ ಹಾಗೇಕಾದ ಎಂಬುದೇ ಎಂಟನೆಯ ಸಿನಿಮಾ. ಮೊದಲ ಸಿನಿಮಾಕ್ಕೆ ಆ ಗೋಣಿಯ ಮುಖವಾಡ ಹೊಲಿದವಳು ಹೆಸ್ಟರ್, ಓಝಾರ್ಕ್ ಬೆಟ್ಟದವಳು. ಅವಳ ಅಜ್ಜಿ ಮಂತ್ರ ಹೇಳಿ ಮಾಟದ ಬೊಂಬೆ ಕಟ್ಟುತ್ತಿದ್ದಳಂತೆ. ಬೊಂಬೆಗೆ ಹೆಸರಿಡುತ್ತಿರಲಿಲ್ಲವಂತೆ, ಇಟ್ಟರೆ ಅದು ಮನೆ ಹುಡುಕಿಕೊಂಡು ಹೊರಡುತ್ತಿತ್ತಂತೆ. ಮುಖವಾಡವನ್ನೂ ಹೆಸ್ಟರ್ ಅದೇ ಮಂತ್ರ ಹೇಳಿ ಹೊಲಿದಿದ್ದಳು.

"ತನ್ನೋರು ಅಂತ ಅವನಿಗೆ ಯಾರೂ ಇಲ್ಲ. ಅದಕ್ಕೇ ಪರದೆ ಒಳಗೇ ಇದಾನೆ. ಮನೆ ಕೊಟ್ರೆ ಮನೆಗೆ ಹೋಗ್ತಾನೆ. ಕೊಟ್ಮೇಲೆ ಕಿತ್ಕೋಬೇಡ, ನಿನ್ನ ಕೈಯೂ ಬರಿದಾಗುತ್ತೆ."

"ಹೋದ್ರೆ ನಂಗೊಂದು ಕಾಗದ ಬರೆಯೋಕೆ ಹೇಳಜ್ಜಿ," ಎಂದವನೇ, ಅವಳು ಒಳಗನ್ನು ಹೊರಗೆ ಮಾಡಿ ಇಟ್ಟಿದ್ದ ಮುಖವಾಡವನ್ನು ಸರಿಯಾಗಿ ತಿರುಗಿಸಿ ತನ್ನ ಕೋಣೆಗೆ ಒಯ್ದ.

ನಿರ್ಮಾಪಕನಿಗೆ ಕೊಲೆಗಾರನ ಮೇಲೆ ಕನಿಕರ ಹುಟ್ಟಿಸುವ ಕತೆ ಬೇಕಿತ್ತು. ಕಾರ್ವಿನನಿಗೆ ಏನೂ ಹೊಳೆಯಲಿಲ್ಲ. ಈ ಕಸುಬಿನವರು ಕೈಸೋತಾಗ ಮಾಡುವುದನ್ನೇ ಮಾಡಿದ, ತನ್ನ ಮನೆಗೇ ಕನ್ನ ಹಾಕಿದ. ಫ್ರೆಸ್ನೋ ಊರಿನಲ್ಲಿ ಅಮ್ಮನಿರುವ ನೀಲಿ ಬಾಗಿಲಿನ ಮನೆ, ಹೂಕುಂಡದಡಿಯ ಬೀಗದ ಕೈ, ಅಮ್ಮ ಕರೆಯುವ 'ಗುಬ್ಬಚ್ಚಿ' ಎಂಬ ಹೆಸರು, ಎಲ್ಲವನ್ನೂ ಗೋಣಿಮುಖದವನಿಗೆ ಧಾರೆಯೆರೆದ. ಚಿಕ್ಕಂದಿನಲ್ಲಿ ತಟ್ಟೆ ಒಡೆದದ್ದಕ್ಕೆ ಅಮ್ಮ ಅವನನ್ನು ಅರ್ಧ ಗಂಟೆ ಉಗ್ರಾಣದಲ್ಲಿ ಕೂಡಿಹಾಕಿದ್ದಳು. ಅದನ್ನು ಮೂರು ದಿನ ಮಾಡಿದ. ಬಾಗಿಲಾಚೆ ಅವಳು ನಗುತ್ತಿದ್ದಳೆಂದು ಬರೆದ. ಈಗಲೂ ಪ್ರತಿ ಭಾನುವಾರ ಫೋನ್ ಮಾಡಿ ಊಟವಾಯಿತೇ ಎಂದು ಕೇಳುವ ತಾಯಿ ಅವಳು. ಅವನಿಗೆ ನಾಚಿಕೆಯಾಗಲಿಲ್ಲ. ಪುಟ ಚೆನ್ನಾಗಿ ಬಂದಿತ್ತು.

ತಿದ್ದಿದ ಪುಟಗಳು ವಾಡಿಕೆಯಂತೆ ನೀಲಿ ಕಾಗದದಲ್ಲಿ ಅಚ್ಚಾಗಿ ಎಲ್ಲರ ಕೈಗೂ ಹೋದವು. ಮರುದಿನ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಕೋಣೆಯ ತುಂಬ ಒದ್ದೆ ಗೋಣಿಯ, ಕೊಳೆತ ಆಲೂಗಡ್ಡೆಯ ವಾಸನೆ. ಆ ಉಗ್ರಾಣದ ವಾಸನೆಯೇ. ಮೇಜಿನ ಮೇಲೆ ಮುಖವಾಡ ಇರಲಿಲ್ಲ. ಅವನ ಕೈ ತಾನಾಗಿಯೇ ಫೋನಿಗೆ ಹೋಯಿತು.

"ಗುಬ್ಬಚ್ಚಿ?" ಅಮ್ಮನ ದನಿ ಇಳಿದಿತ್ತು. "ನೀನು ಅಲ್ಲಿದ್ರೆ, ನಮ್ಮ ಅಡುಗೆಮನೇಲಿ ಕೂತಿರೋನು ಯಾರೋ?"

ಮುಖಕ್ಕೆ ಗೋಣಿ ಹಾಕಿಕೊಂಡು ಬಂದಿದ್ದನಂತೆ. ಕುಂಡದಡಿಯ ಬೀಗದ ಕೈ ಅವನಿಗೆ ಗೊತ್ತಿತ್ತಂತೆ. ಮಗನ ತಮಾಷೆಯೆಂದುಕೊಂಡು ಅವಳು ಪೀಚ್ ಹಣ್ಣಿನ ಪೈ ಬಡಿಸಿದ್ದಳು. ಅವನು ಮುಟ್ಟಿರಲಿಲ್ಲ.

"ಈಗ ಎದ್ದ. ಉಗ್ರಾಣದ ಬಾಗಿಲು ತೆಗ್ದು, ಒಳಗೆ ಬಾ ಅಂತ ಕೈ ಮಾಡ್ತಿದಾನೆ."

"ಓಡಮ್ಮ."

"ಈ ಮಂಡಿ ಇಟ್ಕೊಂಡು ಎಲ್ಲಿಗೋ ಓಡ್ಲಿ?"

ಬಾಗಿಲು ಕಿರುಗುಟ್ಟಿತು. ಕಾರ್ವಿನ್ ಕಂಪ್ಯೂಟರಿನ ಮೇಲೆ ಬಿದ್ದ. ಮನೆ ಅಳಿಸಿದ. ನೀಲಿ ಬಾಗಿಲು ಅಳಿಸಿದ. ಬೀಗದ ಕೈ. ಗುಬ್ಬಚ್ಚಿ. ಫೋನಿನಲ್ಲಿ ಅಮ್ಮ ಚೀರಿದಳು. ಬೆರಳು ತಪ್ಪಿತು. ಮತ್ತೆ ಚೀರಿದಳು. ಬೆವರು ಕಣ್ಣಿಗಿಳಿಯಿತು. ಒಂದೇ ಸಾಲು ಬರೆದ: ಅವನಿಗೆ ತಾಯಿ ಇರಲಿಲ್ಲ. ಎರಡನೆಯ ತಿದ್ದುಪಡಿಯ ಗುಲಾಬಿ ಕಾಗದ ಯಂತ್ರದಿಂದ ಹೊರಬಿತ್ತು.

ಚೀರಾಟ ನಿಂತಿತು.

"ಅಮ್ಮಾ?"

"ಯಾರಪ್ಪಾ?" ದಣಿದ, ಮರ್ಯಾದೆಯ ದನಿ. "ರಾಂಗ್ ನಂಬರ್ ಇರ್ಬೇಕು. ನನಗೆ ಮಕ್ಕಳಿಲ್ಲ."

ಮುಖವಾಡ ಮತ್ತೆ ಮೇಜಿನ ಮೇಲಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಅದನ್ನೆತ್ತಿಕೊಂಡು ಅವನು ಹೆಸ್ಟರಳ ಹೊಲಿಗೆ ಕೋಣೆಗೆ ಓಡಿದ.

"ನಮ್ಮಮ್ಮ ಉಳಿದ್ಳು ಅಜ್ಜಿ. ಆದ್ರೆ ನನ್ನ ಗುರುತು ಸಿಗ್ತಿಲ್ಲ ಅವಳಿಗೆ."

ಹೆಸ್ಟರ್ ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಯಾರ ಅಮ್ಮ?" ಎಂದಳು. "ನೀನು ಯಾರ ಮಗ?"

ಅವನು ಬಾಯಿ ತೆರೆದ. ಅಮ್ಮನ ಹೆಸರು ಬರಲಿಲ್ಲ. ತನ್ನದೂ ಬರಲಿಲ್ಲ. ಹುಟ್ಟಿದ ಊರು, ಬಾಗಿಲಿನ ಬಣ್ಣ, ಏನೂ ಇರಲಿಲ್ಲ. ಮುಖಕ್ಕೆ ಚಳಿಯಾದಂತಾಗಿ ಗೋಣಿಯನ್ನು ತಲೆಗೆ ಎಳೆದುಕೊಂಡ. ಅಳತೆ ಸರಿಯಾಗಿತ್ತು.

"ಬೇಡ ಮಗಾ," ಎಂದಳು ಮುದುಕಿ, ಹಿಂದೆ ಸರಿಯುತ್ತ.

ಹೊರಗೆ ಯಾರೋ ನಗುತ್ತಿದ್ದರು. ಯಾರೂ ಅವನವರಲ್ಲ. ಎದುರಿಗಿರುವ ಮುದುಕಿಯೂ ಅಲ್ಲ. ಹೊಲಿಗೆಯ ಮೇಜಿನ ಮೇಲೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿತ್ತು. ಅವನು ಅದನ್ನು ಎತ್ತಿಕೊಂಡ.